ಮುನ್ನೂರು ಕಿಲೋ ಮೆಣಸಿನಕಾಯಿಯ ಸಾಕ್ಷಿ

ನಮ್ಮೂರು ರಸ್ತೊವಿತ್ಸಾದಲ್ಲಿ ಟ್ರಾಯ್ಕೊನ ಮಾತನ್ನು ಯಾರೂ ನಂಬುವುದಿಲ್ಲ. ಹಾಗಂತ ಅವನು ಸುಳ್ಳುಗಾರನಲ್ಲ. ಸುಳ್ಳು ಹೇಳುವುದಕ್ಕೆ ಸ್ವಲ್ಪವಾದರೂ ತಲೆ ಓಡಬೇಕು. ಟ್ರಾಯ್ಕೊ ಶುದ್ಧ ಮನಸ್ಸಿನಿಂದ, ಎದೆ ತಟ್ಟಿಕೊಂಡು, ತಪ್ಪನ್ನೇ ಹೇಳುತ್ತಾನೆ. ಒಮ್ಮೆ ತನ್ನ ದೊಡ್ಡಪ್ಪನ ಮಗಳ ಮದುವೆಗೆಂದು ಹೋಗಿ ಸಂಜೆಯವರೆಗೆ ಕುಣಿದು, ಉಡುಗೊರೆ ಕೊಟ್ಟು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೊಗಳಿ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಬೇರೆ ಯಾರದೋ ಮದುವೆ. ಆ ಮನೆಯವರು ಈಗಲೂ ಹಬ್ಬಕ್ಕೆ ಅವನನ್ನು ಕರೆಯುತ್ತಾರೆ, ಅದು ಬೇರೆ ಮಾತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಇಪ್ಪತ್ತೆರಡು ವರ್ಷದಿಂದ ಸಂತೆಯಲ್ಲಿ ಅವನ ಮೆಣಸಿನಕಾಯಿ ಅಂಗಡಿಯ ಪಕ್ಕದ್ದೇ ನನ್ನ ಚೀಸ್ ಅಂಗಡಿ. ನನ್ನ ಹೆಸರು ಸ್ತಾನಾ. ಗಂಡ ತೀರಿಕೊಂಡ ಮೇಲೆ ನನಗೆ ಉಳಿದದ್ದು ಎರಡು ಹಸು, ಈ ಅಂಗಡಿ, ಮತ್ತು ಉಝಾರ್. ಉಝಾರ್ ಎಂದರೆ ನಮ್ಮೂರ ಫುಟ್‌ಬಾಲ್ ತಂಡ. ಹಗ್ಗದ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು. ಕಾರ್ಖಾನೆ ಮುಚ್ಚಿತು, ತಂಡ ಮುಚ್ಚಲಿಲ್ಲ.

ಆ ತಂಡದ ಕಣ್ಣು ರಾಸ್ತ್ಕೊ. ಈ ಕತೆಯ ಹೊತ್ತಿಗೆ ಇಪ್ಪತ್ತನಾಲ್ಕು ವರ್ಷ, ಎಡಗಾಲಿನಲ್ಲಿ ದೇವರು ಕೂತಿದ್ದಾನೆ. ಈ ರಾಸ್ತ್ಕೊಗೂ ನಮ್ಮ ಟ್ರಾಯ್ಕೊಗೂ ಒಂದು ಹಳೆಯ ಲೆಕ್ಕವಿದೆ. ಹುಡುಗನಿಗೆ ಹದಿನಾಲ್ಕು ತುಂಬಿದಾಗ ಬೆಲ್‌ಗ್ರೇಡಿನ ದೊಡ್ಡ ಕ್ಲಬ್ಬೊಂದು ಆಡಿ ತೋರಿಸು ಬಾ ಎಂದು ಕರೆದಿತ್ತು. ಅವನ ಅಪ್ಪ ಹುಷಾರಿಲ್ಲದೆ ಮಲಗಿದ್ದ. ಟ್ರಾಯ್ಕೊ, "ನನ್ನ ವ್ಯಾನ್ ಇಲ್ವಾ? ನಾನು ಕರ್ಕೊಂಡು ಹೋಗ್ತೀನಿ," ಎಂದು ಮುಂದೆ ಬಂದ. ಬೆಳಗಿನ ಜಾವ ಹೊರಟರು. ಹೆದ್ದಾರಿ ಸಿಕ್ಕಿದಲ್ಲಿ ಬೆಲ್‌ಗ್ರೇಡು ಉತ್ತರಕ್ಕೆ. ಟ್ರಾಯ್ಕೊ ದಕ್ಷಿಣಕ್ಕೆ ತಿರುಗಿಸಿದ. ಮೆಸಿಡೋನಿಯಾದ ಗಡಿಯಲ್ಲಿ ಪೊಲೀಸಿನವನು ಪಾಸ್‌ಪೋರ್ಟ್ ಕೇಳಿದಾಗ, "ಬೆಲ್‌ಗ್ರೇಡಿಗೆ ಯಾವಾಗಿಂದ ಪಾಸ್‌ಪೋರ್ಟ್ ಮಾಡಿದ್ರಿ ಸ್ವಾಮಿ?" ಎಂದು ಇವನೇ ಜಗಳಕ್ಕೆ ನಿಂತನಂತೆ.

ಆಡಿ ತೋರಿಸುವ ದಿನ ತಪ್ಪಿಹೋಗಿ, ಹುಡುಗ ಊರಲ್ಲೇ ಉಳಿದ. ಮುಂದಿನ ವರ್ಷ ಅವನ ಅಪ್ಪ ತೀರಿಕೊಂಡ. ರಾಸ್ತ್ಕೊ ಉಝಾರ್‌ನಲ್ಲೇ ಬೆಳೆದು ಗೋಲಿನ ಮೇಲೆ ಗೋಲು ಹೊಡೆದ. ನಮಗೆಲ್ಲ ಹಬ್ಬ. ಟ್ರಾಯ್ಕೊ ಮಾತ್ರ ಅಂದಿನಿಂದ ರಾಸ್ತ್ಕೊನ ತಾಯಿ ಪೆರ್ಸಿಡಾಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವಳು ಒಂದು ಕಿಲೋ ಕೇಳಿದರೆ ಎರಡು ಕಿಲೋ ಹಾಕಿ, ತಕ್ಕಡಿ ಕೆಟ್ಟಿದೆ ಎನ್ನುತ್ತಿದ್ದ. ಆ ತಕ್ಕಡಿ ಹತ್ತು ವರ್ಷದಿಂದ ಅವಳೊಬ್ಬಳಿಗೇ ಕೆಟ್ಟಿತ್ತು.

ಹೋದ ವರ್ಷದ ಸೆಪ್ಟೆಂಬರಿನ ಮೊದಲ ವಾರ. ಊರಿಗೆ ಊರೇ ಎರಡು ಪಾಲಾಗಿತ್ತು. ರಾಸ್ತ್ಕೊನ ಕಾಂಟ್ರಾಕ್ಟು ಡಿಸೆಂಬರಿಗೆ ಮುಗಿಯುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಬ್ಲಾಗೊಯೆ ಇನ್ನೂ ನಾಲ್ಕು ವರ್ಷಕ್ಕೆ ಸಹಿ ಹಾಕು ಎಂದ. ರಾಸ್ತ್ಕೊ ಹಾಕಲಿಲ್ಲ. ಬೆಲ್ಜಿಯಮ್‌ನ ಒಂದು ಕ್ಲಬ್ಬು, ಅದರ ಸ್ಟ್ರೈಕರ್ ಮೊಣಕಾಲು ಮುರಿದುಕೊಂಡಿದ್ದರಿಂದ, ಇವನನ್ನು ಈಗಲೇ ಕೊಡಿ ಎಂದು ಕಾಗದ ಬರೆದಿತ್ತು. ಸೋಮವಾರ ಅವರಲ್ಲಿ ಆಟಗಾರರ ಕೊಡುಕೊಳ್ಳುವಿಕೆಯ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಅಧ್ಯಕ್ಷ ಬಿಟ್ಟುಕೊಟ್ಟರೆ ಹೋಗುತ್ತಾನೆ, ಇಲ್ಲದಿದ್ದರೆ ಅವರು ಬೇರೆ ಯಾರನ್ನೋ ನೋಡಿಕೊಳ್ಳುತ್ತಾರೆ. ಅಧ್ಯಕ್ಷ ಹಟಕ್ಕೆ ಬಿದ್ದು, ಸಹಿ ಹಾಕುವ ತನಕ ಮೈದಾನಕ್ಕೆ ಇಳಿಸುವುದಿಲ್ಲ ಎಂದು ರಾಸ್ತ್ಕೊನನ್ನು ಪ್ರೇಕ್ಷಕರ ನಡುವೆ ಕೂರಿಸಿದ್ದ. ಹಾಗೆ ಅವನಿಲ್ಲದೆ ಆಡಿದ ಮೂರು ಪಂದ್ಯದಲ್ಲಿ ನಮ್ಮವರು ಹೊಡೆದದ್ದು ಒಂದೇ ಗೋಲು. ಅದೂ ನಮ್ಮದೇ ಬಲೆಗೆ.

ಬುಧವಾರ ಬೆಳಿಗ್ಗೆ ಪೆರ್ಸಿಡಾ ಟ್ರಾಯ್ಕೊನ ಅಂಗಡಿಗೆ ಬಂದಳು. ಚಳಿಗಾಲಕ್ಕೆ ಐವಾರ್, ಅಂದರೆ ನಮ್ಮ ಸುಟ್ಟ ಮೆಣಸಿನಕಾಯಿ ಚಟ್ನಿ, ಹಾಕುವ ಕಾಲ ಅದು.

"ಕೆಂಪು ದೊಣ್ಣೆ ಮೆಣಸಿನಕಾಯಿ ಬೇಕು. ಐವಾರಿಗೆ. ತಿರುಳು ದಪ್ಪ ಇರ್ಬೇಕು."

"ಎಷ್ಟು ಹಾಕ್ಲಿ ಅಕ್ಕ? ಇಪ್ಪತ್ತು ಕಿಲೋ?" ಎಂದ ಟ್ರಾಯ್ಕೊ, ಅವಳ ಚಪ್ಪಲಿ ನೋಡುತ್ತಾ.

"ಮುನ್ನೂರು."

ಟ್ರಾಯ್ಕೊನ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಬಿತ್ತು. ನಾನೂ ಚೀಸ್ ಕತ್ತರಿಸುವುದನ್ನು ನಿಲ್ಲಿಸಿದೆ.

"ಮುನ್ನೂರಾ? ಯಾಕಕ್ಕ ಅಷ್ಟೊಂದು?"

"ಮಾರೋನಿಗೆ ಯಾಕೆ ಅದೆಲ್ಲ? ಒಳ್ಳೇದು ಆರಿಸಿ ಹಾಕು. ನನ್ನ ತಮ್ಮ ಟ್ರ್ಯಾಕ್ಟರ್ ತರ್ತಾನೆ," ಎಂದು ಅವಳು ಹೊರಟೇ ಹೋದಳು.

ಇಷ್ಟೇ ನಡೆದದ್ದು. ಇದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಂದಿನದೆಲ್ಲ ಟ್ರಾಯ್ಕೊನ ಕೈಚಳಕ.

ಮಧ್ಯಾಹ್ನ ಸಂತೆ ಮುಗಿದ ಮೇಲೆ ನಾವೆಲ್ಲ ಮೂಲೆಯ ಹೋಟೆಲು, ನಮ್ಮ ಕಫಾನಾದಲ್ಲಿ ಸೇರುತ್ತೇವೆ. ಒಂದು ಸಣ್ಣ ಲೋಟ ರಾಕಿಯಾ ಸಾರಾಯಿ, ಒಂದು ತಟ್ಟೆ ಬೀನ್ಸು, ಎರಡು ಗಂಟೆ ಜಗಳ. ಅಲ್ಲಿ ಜಗಳದ ಯಜಮಾನಿಕೆ ಮಿಲುಟಿನ್‌ನದು. ಮೂವತ್ತೈದು ವರ್ಷ ಅಂಚೆ ಹಂಚಿ ನಿವೃತ್ತನಾದವನು, ಊರಿನ ಪ್ರತಿ ನಾಯಿಗೂ ಅವನ ಕಾಲಿನ ರುಚಿ ಗೊತ್ತು.

"ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ಅದು," ಎಂದು ಮಿಲುಟಿನ್ ಮೇಜು ಕುಟ್ಟಿದ. "ಕ್ಲಬ್ಬು ಸಾಕಿ ಬೆಳೆಸ್ತು. ಈಗ ರೆಕ್ಕೆ ಬಂತು, ಹಾರ್ತೀನಿ ಅಂತಾನೆ."

"ಹಾರದೆ ಇರೋಕೆ ಅವನೇನು ನಿನ್ನ ಹಾಗೆ ಕೋಳೀನಾ?" ಎಂದೆ ನಾನು. "ನಾಲ್ಕು ವರ್ಷ ಆದ್ರೆ ಅವನಿಗೆ ಇಪ್ಪತ್ತೆಂಟು. ಆಮೇಲೆ ಯಾರು ಕರೀತಾರೆ?"

"ಯಾಕೆ ಕರೀಬೇಕು? ಇಲ್ಲೇನು ಕಡಿಮೆ ಆಗಿದೆ?"

"ನಿನ್ನ ಮಗಳು ವಿಯೆನ್ನಾಗೆ ಹೋದಾಗ ಈ ಮಾತು ಹೇಳಿದ್ಯಾ?"

"ನನ್ನ ಮಗಳು ಗೋಲು ಹೊಡೀತಿರ್ಲಿಲ್ಲ ಸ್ತಾನಾ."

ಅಷ್ಟರಲ್ಲಿ ಟ್ರಾಯ್ಕೊ ಒಳಗೆ ಬಂದ. "ರಾಸ್ತ್ಕೊ ವಿಷಯಾನಾ? ಅದು ನನಗೆ ಗೊತ್ತು," ಎಂದ.

"ಬಂದ ನೋಡಿ, ಗಡಿ ಕಾವಲುಗಾರ," ಎಂದ ಮಿಲುಟಿನ್. ಕಫಾನಾ ಪೂರ್ತಿ ನಕ್ಕಿತು. "ಟ್ರಾಯ್ಕೊ, ಬಚ್ಚಲಿಗೆ ದಾರಿ ಎಡಕ್ಕೆ. ಬಲಕ್ಕೆ ಹೋದ್ರೆ ಗ್ರೀಸ್ ಬರತ್ತೆ."

ಬೇರೆ ದಿನವಾಗಿದ್ದರೆ ಟ್ರಾಯ್ಕೊ ತಾನೂ ನಕ್ಕು ಕೂರುತ್ತಿದ್ದ. ಅವತ್ತು ಅವನ ಜೇಬಿನಲ್ಲಿ ಸಾಕ್ಷಿಯಿತ್ತು.

"ನಗಿ, ನಗಿ. ಅವನು ಎಲ್ಲಿಗೂ ಹೋಗಲ್ಲ. ಅವರಮ್ಮ ಇವತ್ತು ನನ್ನ ಹತ್ರ ಮೆಣಸಿನಕಾಯಿ ತಗೊಂಡ್ಳು. ಐವಾರಿಗೆ. ಮುನ್ನೂರು ಕಿಲೋ. ಸ್ತಾನಕ್ಕ ಪಕ್ಕದಲ್ಲೇ ಇದ್ಳು, ಕೇಳಿ. ಈಗ ನೀವೇ ಹೇಳಿ, ಊರು ಬಿಟ್ಟು ಹೋಗೋರು ಯಾರಾದ್ರೂ ಚಳಿಗಾಲಕ್ಕೆ ಐವಾರ್ ಹಾಕ್ತಾರಾ?"

ಎಲ್ಲರೂ ನನ್ನ ಕಡೆ ನೋಡಿದರು. "ಮುನ್ನೂರು ಹೌದು," ಎಂದೆ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ನೀವು ಬೇರೆ ಕಡೆಯವರಾದರೆ ನಗಬಹುದು. ನಮ್ಮ ಸೀಮೆಯಲ್ಲಿ ಇದು ನಗುವ ವಿಷಯವಲ್ಲ. ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಗಂಟೆಗಟ್ಟಲೆ ಕೈಯಾಡಿಸಿ, ಐವಾರ್ ಮಾಡಿ ಭರಣಿಗೆ ತುಂಬಿದ ಮನೆ ಏಪ್ರಿಲ್ ತನಕ ಕದಲುವುದಿಲ್ಲ. ಜರ್ಮನಿಗೆ ಹೋದವರೆಲ್ಲ ಮೆಣಸಿನಕಾಯಿ ಸುಡುವ ಮೊದಲೇ ಹೋದವರು. ಗಂಡನನ್ನು ಬಿಡಬೇಕೆಂದಿದ್ದ ಹೆಂಗಸರು ಕೂಡ ಐವಾರ್ ಹಾಕಿದ ಮೇಲೆ, ಆಗಲಿ, ವಸಂತಕಾಲಕ್ಕೆ ನೋಡೋಣ ಎಂದು ಮುಂದೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಿಲುಟಿನ್ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದ. "ಮನೇಲಿ ಇಬ್ರು. ಆಟಗಾರ ಎರಡಾಳಿನಷ್ಟು ತಿಂತಾನೆ. ಚಳಿಗಾಲಕ್ಕೆ ಎಪ್ಪತ್ತೈದು ಕಿಲೋ ಅಂತಿಟ್ಕೊಳ್ಳಿ. ಮುನ್ನೂರಕ್ಕೆ..." ಅವನ ಪೆನ್ಸಿಲ್ ನಿಂತಿತು. "ನಾಲ್ಕು ವರ್ಷ."

"ಅಧ್ಯಕ್ಷರು ಕೇಳಿದ್ದೂ ನಾಲ್ಕೇ ವರ್ಷ," ಎಂದರು ಯಾರೋ ಮೆಲ್ಲಗೆ.

ಅಲ್ಲಿಗೆ ಮುಗಿಯಿತು. ಜನ ಎದ್ದು ನಿಂತರು. ಹತ್ತು ವರ್ಷ ಅವನ ಮಾತಿಗೆ ನಕ್ಕವರು ಅವನ ಬೆನ್ನು ತಟ್ಟಿದರು. ಟ್ರಾಯ್ಕೊ ತನ್ನ ಬದುಕಿನಲ್ಲಿ ಮೊದಲ ಸಲ ನಂಬಿಸಿಕೊಂಡಿದ್ದ. ಮೂರನೆಯ ಲೋಟದ ಹೊತ್ತಿಗೆ ಅವನು ಕುರ್ಚಿಯ ಮೇಲೆ ಹತ್ತಿ ನಿಂತ.

"ಕೇಳಿ ಎಲ್ಲರೂ. ರಾಸ್ತ್ಕೊ ಊರು ಬಿಟ್ರೆ, ನಾನು ಒಂದು ವರ್ಷ ಅಂಗಡಿ ಐವಾರ್ ತಿಂತೀನಿ."

ಕಫಾನಾದ ಯಜಮಾನಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಫ್ಯಾಕ್ಟರಿಯಲ್ಲಿ ಮಾಡಿ, ಸೂಪರ್‌ಮಾರ್ಕೆಟ್ಟಿನಲ್ಲಿ ಇಟ್ಟು ಮಾರುವ ಐವಾರ್ ತಿನ್ನುತ್ತೇನೆ ಎಂದು ನಮ್ಮೂರಿನಲ್ಲಿ ಹೇಳುವುದು, ಹಸು ಕಟ್ಟಿದವನು ಹಾಲಿನ ಪುಡಿ ಕುಡಿಯುತ್ತೇನೆ ಎಂದಂತೆ. ಅವನ ಹೆಂಡತಿ ಡೆಸಾಳ ಕಿವಿಗೆ ಸುದ್ದಿ ಬಿದ್ದಾಗ ಅವಳು ಸೌಟು ಹಿಡಿದೇ ಬೀದಿಗೆ ಬಂದಳು.

"ನನ್ನ ಮನೇಲಿ ಅಂಗಡಿ ಐವಾರಾ? ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ ಟ್ರಾಯ್ಕೊ. ಬಂದ್ರೆ ನೀನೇ ಉತ್ತರ ಹೇಳು."

"ಹೋಗಲ್ಲ ಕಣೇ ಅವನು. ಮುನ್ನೂರು ಕಿಲೋ."

"ನೀನು ಬೆಲ್‌ಗ್ರೇಡಿಗೂ ಹೀಗೇ ಹೊರಟಿದ್ದೆ."

ಸುದ್ದಿಗೆ ಕಾಲು ಬಂತು. ಬೇಕರಿಯಲ್ಲಿ ಅದು ನಾನೂರು ಕಿಲೋ ಆಯಿತು. ಬಸ್ಸಿನಲ್ಲಿ ಐನೂರು, ಜೊತೆಗೆ ಒಂದು ದ್ರಾಕ್ಷಿ ತೋಟ. ಮಾರನೆಯ ದಿನ ಚರ್ಚಿನ ಮುಂದೆ ರಾಸ್ತ್ಕೊಗೆ ಊರಿನ ಹುಡುಗಿಯ ಜೊತೆ ನಿಶ್ಚಿತಾರ್ಥ ಆಗಿತ್ತು. ಸಂಜೆ ಆ ಸುದ್ದಿ ನನಗೇ ವಾಪಸು ಬಂತು. ಹುಡುಗಿ ನನ್ನ ತಂಗಿಯ ಮಗಳಂತೆ. ತಂಗಿಗೆ ಫೋನ್ ಮಾಡಿದರೆ ಅವಳು, "ನನಗೆ ಯಾಕೆ ಹೇಳ್ಲಿಲ್ಲ?" ಎಂದು ನನ್ನ ಮೇಲೇ ಸಿಟ್ಟಾದಳು.

ಶುಕ್ರವಾರ ಅಧ್ಯಕ್ಷ ಬ್ಲಾಗೊಯೆ ಸ್ವತಃ ಸಂತೆಗೆ ಬಂದ. ಮನುಷ್ಯ ಕೆಟ್ಟವನಲ್ಲ. ಊರಿನ ಅರ್ಧ ಲಾರಿಗಳು ಅವನವು, ಅವುಗಳ ದುಡಿಮೆ ಎಲ್ಲ ಆ ಕ್ಲಬ್ಬಿಗೇ ಸುರಿದಿದ್ದಾನೆ. ಆದರೆ ಹಟ ಹಿಡಿದರೆ ಅವನ ಲಾರಿಗಳಿಗಿಂತ ಅವನೇ ಭಾರ.

"ಟ್ರಾಯ್ಕೊ ಅವರೇ," ಎಂದ ಅಧ್ಯಕ್ಷ.

ಟ್ರಾಯ್ಕೊ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಇದ್ದಾರೆಯೇ ಎಂದು.

"ನೀವು ಹೇಳಿದ್ದು ನಿಜಾನಾ? ಮುನ್ನೂರು ಕಿಲೋ? ಐವಾರಿಗೇನಾ?"

"ಐವಾರಿಗಲ್ದೆ ಮತ್ತೇನಕ್ಕೆ ಅಧ್ಯಕ್ಷರೇ, ಹಾರ ಮಾಡಿ ಹಾಕ್ಕೊಳ್ಳೋಕಾ?"

ಅಧ್ಯಕ್ಷ ಅಲ್ಲೇ, ನನ್ನ ಚೀಸಿನ ಮೇಲೆ ಮೊಣಕೈ ಊರಿ, ಫೋನ್ ತೆಗೆದು ಕಾರ್ಯದರ್ಶಿಗೆ ಹೇಳಿದ: "ಬೆಲ್ಜಿಯಮ್‌ನವರಿಗೆ ಬರಿ. ಹುಡುಗ ಮಾರಾಟಕ್ಕಿಲ್ಲ. ಅವನು ಸುಮ್ನೆ ನನ್ನ ಹೆದರಿಸ್ತಿದಾನೆ. ನನ್ನ ಹತ್ರ ಸಾಕ್ಷಿ ಇದೆ." ಆಮೇಲೆ ಟ್ರಾಯ್ಕೊನ ಕೈ ಕುಲುಕಿದ. ಟ್ರಾಯ್ಕೊ ಆ ಕೈಯನ್ನು ಸಂಜೆಯವರೆಗೆ ತೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಪೆರ್ಸಿಡಾ ಬಂದಳು. ಈ ಸಲ ಅವಳು ಬರುವ ನಡಿಗೆ ನೋಡಿಯೇ ನಾನು ಚಾಕು ಒಳಗಿಟ್ಟೆ.

"ಟ್ರಾಯ್ಕೊ, ನನ್ನ ಮುಖ ನೋಡು."

ಅವನು ಚಪ್ಪಲಿ ನೋಡಿದ.

"ಮುಖ ನೋಡು ಅಂದೆ. ಅಧ್ಯಕ್ಷರು ಬೆಲ್ಜಿಯಮ್‌ಗೆ ಆಗಲ್ಲ ಅಂತ ಬರೆದ್ರು. ಯಾಕೆ ಅಂದ್ರೆ, ಟ್ರಾಯ್ಕೊ ಹೇಳಿದ ಅಂತೆ. ಮೆಣಸಿನಕಾಯಿ ಸಾಕ್ಷಿ ಅಂತೆ. ಯಾರಿಗೆ ಅಂತ ತಗೊಂಡೆ ಅಂತ ನಿನಗೆ ನಾನು ಹೇಳಿದ್ನಾ? ಅದು ನಮ್ಮ ಮನೆಗಲ್ಲ. ನನ್ನ ಮಗ ಹೋಗೋದು ಅಂತ ನಿಶ್ಚಯ ಮಾಡಿದ್ದ. ಸೋಮವಾರ ಆದ್ಮೇಲೆ ಅವರು ಕಾಯಲ್ಲ. ಹತ್ತು ವರ್ಷದ ಹಿಂದೆ ಒಂದು ಸಲ ದಾರಿ ತಪ್ಪಿಸ್ದೆ. ಆಗ ನಾನು ಒಂದು ಮಾತು ಆಡ್ಲಿಲ್ಲ. ಈಗ ಮನೇಲೇ ಕೂತಿದ್ದವನ ದಾರೀನೂ ತಪ್ಪಿಸ್ಬಿಟ್ಯಲ್ಲೋ."

ಅವಳು ಬೈದು ಹೋಗಿದ್ದರೆ ಆಗುತ್ತಿತ್ತು. ಕಣ್ಣೊರೆಸಿಕೊಂಡು ಹೋದಳು. ಟ್ರಾಯ್ಕೊ ಮೂಟೆಯ ಮೇಲೆ ಕುಸಿದು ಕೂತ. ಗಿರಾಕಿ ಬಂದು ಬೆಲೆ ಕೇಳಿದರೆ, "ಸುಮ್ನೆ ತಗೊಂಡು ಹೋಗಿ," ಎಂದ. ಇಬ್ಬರು ಹಾಗೇ ತೆಗೆದುಕೊಂಡು ಹೋದರು. ಮೂರನೆಯವಳನ್ನು ನಾನು ತಡೆದೆ.

"ಕೂತ್ರೆ ಏನಾಗತ್ತೆ? ಎದ್ದು ಹೋಗು. ಹೇಳಿದ್ದು ತಪ್ಪು ಅಂತ ಅಧ್ಯಕ್ಷರಿಗೆ ಹೇಳು," ಎಂದೆ.

ಅವನು ಓಡಿದ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಧ್ಯಕ್ಷ ಅವನ ಮಾತನ್ನೆಲ್ಲ ಕೇಳಿ, ತಲೆಯಾಡಿಸಿ, "ಟ್ರಾಯ್ಕೊ ಅವರೇ, ನಿಮ್ಮ ಮೇಲೆ ಯಾರು ಒತ್ತಡ ಹಾಕಿದ್ರು ಅಂತ ನನಗೆ ಗೊತ್ತು. ಹೆದರ್ಬೇಡಿ. ನಿಮ್ಮ ಮೊದಲ ಮಾತೇ ನನಗೆ ವೇದವಾಕ್ಯ," ಎಂದು ಕಾಫಿ ಕೊಟ್ಟು ಕಳಿಸಿದ. ಕಫಾನಾದಲ್ಲಿ ಮಿಲುಟಿನ್, "ಬೆಲ್ಜಿಯಮ್‌ನೋರು ಎಷ್ಟು ಚಾಕೊಲೇಟ್ ಕೊಟ್ರು ನಿಂಗೆ?" ಎಂದು ಕೇಳಿದ. ಬಾಳಿನುದ್ದಕ್ಕೂ ತಪ್ಪು ಹೇಳಿದ ಮನುಷ್ಯ. ಅವನನ್ನು ನಂಬಿದ್ದು ಒಂದೇ ಸಲ. ಈಗ ನಿಜ ಹೇಳುತ್ತೇನೆ ಎಂದರೂ ಜನ ಆ ತಪ್ಪನ್ನು ಬಿಟ್ಟುಕೊಡಲು ಸಿದ್ಧರಿಲ್ಲ.

ಭಾನುವಾರ ಮಧ್ಯಾಹ್ನ ಅವನು ಮತ್ತೆ ಅಧ್ಯಕ್ಷನ ಮನೆಯ ಗೇಟಿನ ಮುಂದೆ ನಿಂತ. "ನನ್ನ ನಂಬಬೇಡಿ. ನೀವೇ ಬಂದು ರಾಸ್ತ್ಕೊನ ಕೇಳಿ. ಇವತ್ತು ಅವರ ಅಂಗಳದಲ್ಲಿ ಒಲೆ ಹಚ್ಚಿದಾರೆ."

ಅಧ್ಯಕ್ಷನಿಗೆ ಇದು ಒಳ್ಳೆಯ ಯೋಚನೆ ಎನಿಸಿತು. ಐವಾರ್ ಕುದಿಯುವ ಹೊತ್ತು, ಮನೆಯವರೆಲ್ಲ ಖುಷಿಯಲ್ಲಿರುತ್ತಾರೆ, ಸಹಿ ಹಾಕಿಸಿಕೊಳ್ಳಲು ಇದಕ್ಕಿಂತ ಮುಹೂರ್ತ ಬೇಕೆ? ನಾಲ್ಕು ವರ್ಷದ ಕಾಂಟ್ರಾಕ್ಟನ್ನು ಕೋಟಿನ ಜೇಬಿನಲ್ಲಿಟ್ಟು, ಭಾನುವಾರದ ಬಿಳಿ ಅಂಗಿ ತೊಟ್ಟು, ಟ್ರಾಯ್ಕೊನ ಹಿಂದೆ ನಡೆದೇ ಹೊರಟ. ಇಡೀ ಊರಿನಲ್ಲಿ ದಾರಿ ತೋರಿಸಲು ಇವನೇ ಸಿಕ್ಕಿದ್ದ.

ನಾನಾಗ ಪೆರ್ಸಿಡಾಳ ಅಂಗಳದಲ್ಲಿ ಸಿಪ್ಪೆ ಸುಲಿಯುತ್ತಿದ್ದೆ. ದಾರಿಯಲ್ಲಿ ನಡೆದದ್ದನ್ನು ಮೂರು ಮನೆಯವರು ಆಮೇಲೆ ಹೇಳಿದಂತೆ ಹೇಳುತ್ತೇನೆ. ರಾಸ್ತ್ಕೊ ಹಿಂದಿನ ವರ್ಷ ಹಗ್ಗದ ಕಾರ್ಖಾನೆಯ ಕೇರಿಯಲ್ಲಿ ಹೊಸ ಮನೆ ಮಾಡಿದ್ದ. ಟ್ರಾಯ್ಕೊಗೆ ಗೊತ್ತಿದ್ದದ್ದು ಎರಡೇ ಗುರುತು: ಹಸಿರು ಗೇಟು, ಮತ್ತು ಮೆಣಸಿನಕಾಯಿ ಸುಡುವ ವಾಸನೆ. ಕಾರ್ಖಾನೆ ಮುಚ್ಚಿದಾಗ ಉಳಿದಿದ್ದ ಹಸಿರು ಬಣ್ಣವನ್ನು ಇಡೀ ಕೇರಿ ಹಂಚಿಕೊಂಡಿತ್ತು. ಅಲ್ಲಿ ಹಸಿರಲ್ಲದ ಗೇಟೇ ಇಲ್ಲ. ಮತ್ತು ಸೆಪ್ಟೆಂಬರಿನ ಭಾನುವಾರ ನಮ್ಮೂರಿನಲ್ಲಿ ಮೆಣಸಿನಕಾಯಿ ಸುಡದ ಅಂಗಳವೂ ಇಲ್ಲ.

ಮೊದಲ ಗೇಟಿನೊಳಗೆ ಅಧ್ಯಕ್ಷ, "ಎಲ್ಲಿ ನಮ್ಮ ಹುಡುಗ?" ಎಂದು ನಗುತ್ತಾ ನುಗ್ಗಿದ. ಅಲ್ಲಿದ್ದ ಅಜ್ಜಿ, ಅಧ್ಯಕ್ಷರು ನಮ್ಮ ಮನೆಗೆ ಬಂದರಲ್ಲ ಎಂದು ಕೂರಿಸಿ, ರಾಕಿಯಾ ಕೊಟ್ಟು, ಬಿಡುವಾಗಿದ್ದೀರಲ್ಲ ಎಂದು ಒಂದು ಬಟ್ಟಲು ಮೆಣಸಿನಕಾಯಿ ಸುಲಿಸಿಕೊಂಡಳು. ಎರಡನೆಯ ಅಂಗಳದಲ್ಲಿ ಬಿಸಿ ಬ್ರೆಡ್ಡು, ಇನ್ನೊಂದು ಲೋಟ, ಇನ್ನೊಂದು ಬಟ್ಟಲು. ಮೂರನೆಯ ಅಂಗಳದಲ್ಲಿ ಅವನ ಬಿಳಿ ಅಂಗಿಗೆ ಕೆಂಪು ಬಣ್ಣ, ಮೂಗಿಗೆ ಮಸಿ. "ಟ್ರಾಯ್ಕೊ, ನಾವು ಮೆಸಿಡೋನಿಯಾಗೆ ಹೋಗ್ತಿಲ್ಲ ತಾನೆ?" ಎಂದು ಅಧ್ಯಕ್ಷ ಕೇಳಿದನಂತೆ. ಅಧ್ಯಕ್ಷ ಮನೆಮನೆಗೆ ಹೋಗಿ ಮೆಣಸಿನಕಾಯಿ ಸುಲಿಯುತ್ತಿದ್ದಾನೆ ಎಂಬ ಸುದ್ದಿ ಹಬ್ಬಿ, ಏನೋ ಆಗಿದೆ ಎಂದು ಜನ ಹಿಂದೆ ಬಿದ್ದರು. ನಾಲ್ಕನೆಯ ಗೇಟು ಪೆರ್ಸಿಡಾಳದು. ಅದರೊಳಗೆ ಅವರು ಕಾಲಿಟ್ಟಾಗ ಹಿಂದೆ ಅರ್ಧ ಊರಿತ್ತು, ಮುಂಚೂಣಿಯಲ್ಲಿ ಮಿಲುಟಿನ್.

ಅಂಗಳದ ನಡುವೆ ದೊಡ್ಡ ಹಂಡೆ. ರಾಸ್ತ್ಕೊ ಮರದ ಸಟ್ಟುಗ ಹಿಡಿದು ಕೈಯಾಡಿಸುತ್ತಿದ್ದ. ಗೋಡೆಯ ಪಕ್ಕದ ಉದ್ದ ಮೇಜಿನ ಮೇಲೆ ತೊಳೆದು ಒಣಗಿಸಿದ ಗಾಜಿನ ಭರಣಿಗಳು, ನೂರಕ್ಕೂ ಹೆಚ್ಚು. ಒಂದೊಂದರೊಳಗೂ ಒಂದೊಂದು ಚೀಟಿ.

ಅಧ್ಯಕ್ಷ ಜೇಬಿಗೆ ಕೈ ಹಾಕಿದ. ಅವನು ಬಾಯಿ ಬಿಡುವ ಮೊದಲೇ ಪೆರ್ಸಿಡಾ ಮಗನ ಕೈಯಿಂದ ಸಟ್ಟುಗ ತೆಗೆದು ಅಧ್ಯಕ್ಷನ ಕೈಗೆ ಕೊಟ್ಟಳು. "ಬಂದಿದ್ದೀರಿ, ಸ್ವಲ್ಪ ಕೈಯಾಡಿಸಿ. ಹುಡುಗ ಬೆಳಿಗ್ಗೆಯಿಂದ ನಿಂತಿದಾನೆ."

ಸಟ್ಟುಗ ಹಿಡಿದ ಮೇಲೆ ಇನ್ನೊಬ್ಬರು ಬಂದು ಬಿಡಿಸಿಕೊಳ್ಳುವ ತನಕ ಬಿಡುವಂತಿಲ್ಲ. ಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿಸಿದವನ ಹೆಸರು ಮೊಮ್ಮಕ್ಕಳ ಕಾಲದವರೆಗೂ ಹೋಗುತ್ತದೆ. ಅಧ್ಯಕ್ಷ ಕೈಯಾಡಿಸತೊಡಗಿದ. ರಾಸ್ತ್ಕೊ ಪಕ್ಕದಲ್ಲಿ ನಿಂತು ಎಣ್ಣೆ ಹುಯ್ದ. ಮೂರು ವಾರದಿಂದ ಒಬ್ಬರಿಗೊಬ್ಬರು ಮಾತಾಡದ ಇಬ್ಬರು, ಓಡಿಹೋಗಲು ದಾರಿಯಿಲ್ಲದೆ.

"ಇಷ್ಟೊಂದು ಐವಾರ್ ಯಾರಿಗೋ?" ಎಂದ ಅಧ್ಯಕ್ಷ.

"ಚೀಟಿ ಓದಿ ನೋಡಿ," ಎಂದ ರಾಸ್ತ್ಕೊ.

ಅಧ್ಯಕ್ಷನ ಕೈ ಖಾಲಿಯಿರಲಿಲ್ಲ. ಮಿಲುಟಿನ್ ಅಂಚೆಯವನಲ್ಲವೇ, ವಿಳಾಸ ಕಂಡರೆ ಓದದೆ ಇರಲಾರ. ಒಂದು ಭರಣಿ ಎತ್ತಿ ಗಟ್ಟಿಯಾಗಿ ಓದಿದ: "'ಮೊದಲ ಬೂಟು ಕೊಡಿಸಿದ ಬ್ಲಾಗೊಯೆ ಅವರಿಗೆ. ಒಂದು ಸೈಜು ದೊಡ್ಡದಾಗಿದ್ದರೂ.'" ಇನ್ನೊಂದು ಎತ್ತಿದ: "'ಒಂದೊಂದು ಗೋಲಿಗೂ ಒಂದೊಂದು ತುಂಡು ಚೀಸ್ ಕೊಟ್ಟ ಸ್ತಾನಕ್ಕನಿಗೆ.'" ಆಮೇಲೆ ಮೂರನೆಯದು. ಅದನ್ನು ಓದಲು ಶುರುಮಾಡಿದವನು ಭರಣಿಯನ್ನು ಮತ್ತೆ ಮೇಜಿನ ಮೇಲಿಡಲು ಹೋದ. ನಾನು ಕಸಿದುಕೊಂಡು 'ಮಳೆಯಲ್ಲಿ ನೆನೆಯುತ್ತಾ ತಂಡಕ್ಕೆ ಆಯ್ಕೆಯಾದ ಕಾಗದ ತಂದುಕೊಟ್ಟ ಮಿಲುಟಿನ್ ಮಾಮನಿಗೆ' ಎಂದು ಓದಿ ಮುಗಿಸಿದೆ. ಉಂಡ ಮನೆಯ ಲೆಕ್ಕ ಯಾರು ಇಟ್ಟಿದ್ದರೆಂದು ಅವನಿಗೆ ಈಗ ತಿಳಿದಿರಬೇಕು.

"ಹಾಗಾದ್ರೆ ಹೋಗ್ತೀಯಾ," ಎಂದ ಅಧ್ಯಕ್ಷ, ಹಂಡೆಯನ್ನೇ ನೋಡುತ್ತಾ.

"ಹೋಗ್ತೀನಿ ಅಧ್ಯಕ್ಷರೇ. ನೀವು ಇವತ್ತು ಹೂಂ ಅಂದ್ರೆ ಕ್ಲಬ್ಬಿಗೂ ಏನಾದ್ರೂ ಸಿಗತ್ತೆ. ಮೈದಾನದ ಪೂರ್ವದ ಕಡೆ ಮಳೆಗೆ ಒಂದು ಚಾವಣಿ ಆಗತ್ತೆ. ನೀವು ಹಿಡಿದಿಟ್ಕೊಂಡ್ರೆ, ಡಿಸೆಂಬರಿಗೆ ಎಲ್ಲಿಗೋ ಬಿಟ್ಟಿ ಹೋಗ್ಬೇಕಾಗತ್ತೆ. ಈ ಊರಿಂದ ಬಿಟ್ಟಿ ಹೋಗೋಕೆ ನಂಗೆ ಮನಸ್ಸಿಲ್ಲ."

ಅಧ್ಯಕ್ಷ ಎಷ್ಟೋ ಹೊತ್ತು ಕೈಯಾಡಿಸಿದ. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಕೊನೆಗೆ, "ಯಾರಾದ್ರೂ ಈ ಸಟ್ಟುಗ ಹಿಡ್ಕೊಳ್ರಪ್ಪ, ನಾನು ಫೋನ್ ಮಾಡ್ಬೇಕು," ಎಂದ. ಹತ್ತು ಕೈ ಮುಂದೆ ಬಂದವು. ಅವನು ಎಣ್ಣೆ ಕೈಯಲ್ಲೇ ಬೆಲ್ಜಿಯಮ್‌ಗೆ ಫೋನ್ ಮಾಡಿಸಿದ. ನಾಲ್ಕು ವರ್ಷದ ಕಾಂಟ್ರಾಕ್ಟನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಆ ಉದ್ದ ಮೇಜಿನ ಕಾಲಿನ ಕೆಳಗೆ ಇಟ್ಟ. ಮೇಜು ನೆಟ್ಟಗೆ ನಿಂತಿತು.

ಈ ಗಲಾಟೆಯಲ್ಲಿ ಟ್ರಾಯ್ಕೊನನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಅವನು ಮೇಜಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಚೀಟಿ ಓದುತ್ತಾ ಹೋದ. ತನ್ನ ಹೆಸರು ಸಿಗಲಿಲ್ಲ. ತಲೆಯಾಡಿಸಿಕೊಂಡ, ಸರಿಯಾಗೇ ಇದೆ ಎನ್ನುವ ಹಾಗೆ. ಟೊಪ್ಪಿ ಹಾಕಿಕೊಂಡು ಗೇಟಿನ ಕಡೆ ಹೊರಟ. ಹೊರಟದ್ದು ಕೋಳಿಗೂಡಿನ ಬಾಗಿಲಿನ ಕಡೆಗೆ, ಆದರೆ ಉದ್ದೇಶ ಗೇಟು.

"ಟ್ರಾಯ್ಕೊ ಮಾಮ," ಎಂದು ರಾಸ್ತ್ಕೊ ಕೂಗಿದ. "ನಿಮ್ಮದು ಅಲ್ಲಿಲ್ಲ."

"ಗೊತ್ತು ಕಣಪ್ಪ."

"ಅಲ್ಲಿಟ್ಟಿದ್ದೆಲ್ಲ ಸಣ್ಣವು." ಅವನು ಒಳಗೆ ಹೋಗಿ ಐದು ಲೀಟರಿನ ಉಪ್ಪಿನಕಾಯಿ ಭರಣಿ ತಂದ. ಚೀಟಿಯನ್ನು ತಾನೇ ಓದಿದ: "'ದಾರಿ ತಪ್ಪಿದ ಟ್ರಾಯ್ಕೊ ಮಾಮನಿಗೆ. ಅಪ್ಪನ ಕೊನೆಯ ವರ್ಷಕ್ಕೆ.'"

ಟ್ರಾಯ್ಕೊ ಟೊಪ್ಪಿ ತೆಗೆದ.

"ಅವತ್ತು ನೀವು ಸರಿಯಾಗಿ ಕರ್ಕೊಂಡು ಹೋಗಿದ್ರೆ ಅವರು ನನ್ನ ಇಟ್ಕೊಳ್ತಿದ್ರು ಮಾಮ. ನಾನು ಬೆಲ್‌ಗ್ರೇಡಿನ ಹಾಸ್ಟೆಲ್‌ನಲ್ಲಿ ಇರ್ತಿದ್ದೆ. ಅಪ್ಪಂಗೆ ಇನ್ನು ಒಂದೇ ವರ್ಷ ಇದೆ ಅಂತ ಯಾರಿಗೆ ಗೊತ್ತಿತ್ತು? ಆ ವರ್ಷ ಪೂರ್ತಿ ಅವರು ಪ್ರತಿ ಆಟಕ್ಕೂ ಬಂದು ಬೇಲಿ ಹಿಡ್ಕೊಂಡು ನಿಂತಿರ್ತಿದ್ರು. ನಿಮ್ಮ ಋಣ ಹೇಗೆ ತೀರಿಸೋದು ಅಂತ ಅಮ್ಮ, ನಾನು ಎಷ್ಟು ಸಲ ಮಾತಾಡಿದೀವಿ. ನೀವು ನೋಡಿದ್ರೆ ಹತ್ತು ವರ್ಷದಿಂದ ನಮ್ಮ ಮುಖಾನೇ ನೋಡಲ್ಲ."

ಪೆರ್ಸಿಡಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದಳು. "ನಿನ್ನೆ ಸಿಟ್ಟಲ್ಲಿ ಏನೇನೋ ಅಂದೆ. ಮನಸ್ಸಿಗೆ ಹಚ್ಕೋಬೇಡ. ಆ ತಕ್ಕಡೀನೂ ರಿಪೇರಿ ಮಾಡಿಸು ಇನ್ನು."

ಟ್ರಾಯ್ಕೊ ಆಗ ಅವಳ ಮುಖ ನೋಡಿದ. ನೋಡಿ, ಭರಣಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ಗೊಳೋ ಎಂದು ಅತ್ತ. ನಾವೂ ಅತ್ತೆವು. ಮಿಲುಟಿನ್ ಮಾತ್ರ, ಸುಲಿದ ಕೈ ಕಣ್ಣಿಗೆ ತಾಗಿತು ಎಂದ. ದೊಣ್ಣೆ ಮೆಣಸಿನಕಾಯಿ ಖಾರವಿರುವುದಿಲ್ಲ ಎಂದು ಹೇಳಲು ನನಗೂ ಮನಸ್ಸಾಗಲಿಲ್ಲ.

ಸೋಮವಾರ ರಾಸ್ತ್ಕೊ ಹೋದ. ಬಸ್ ನಿಲ್ದಾಣದಲ್ಲಿ ಹಿಂದೆ ಬೈದವರೂ ಚಪ್ಪಾಳೆ ತಟ್ಟಿದರು. ನಮಗೆ ಅವನು ಕೊಟ್ಟದ್ದಕ್ಕೆ ಬಾಯಿಬಿಟ್ಟು ಉಪಕಾರವಾಯಿತಪ್ಪ ಎಂದು ಹೇಳುವ ಅವಕಾಶ ಸಿಕ್ಕಿತಲ್ಲ, ಅದೇ ದೊಡ್ಡದು. ಎಷ್ಟೋ ಜನ ಆ ಮಾತನ್ನು, ಕೊಟ್ಟವರು ತೀರಿಕೊಂಡ ಮೇಲೆ, ಸಮಾಧಿಯ ಮುಂದೆ ಹೇಳುತ್ತಾರೆ. ಪೂರ್ವದ ಕಡೆ ಚಾವಣಿ ಆಯಿತು. ಮಳೆ ಬಂದರೆ ಈಗ ನನ್ನ ತಲೆ ನೆನೆಯುವುದಿಲ್ಲ. ಪ್ರತಿ ಸಲವೂ ಮೇಲೆ ನೋಡಿ ಆ ಹುಡುಗನನ್ನು ನೆನೆಯುತ್ತೇನೆ.

ಉಳಿದದ್ದು ಟ್ರಾಯ್ಕೊನ ಶಪಥ. ಕಫಾನಾದಲ್ಲಿ ಎಲ್ಲರೂ ಒಮ್ಮತದಿಂದ ಅವನನ್ನು ಬಿಡುಗಡೆ ಮಾಡಿದೆವು. ಅವನು ಒಪ್ಪಲಿಲ್ಲ. "ಬದುಕಿನಲ್ಲಿ ಒಂದು ಸಲವಾದ್ರೂ ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತೀನಿ," ಎಂದ. ಒಂದು ವರ್ಷ ಅಂಗಡಿ ಐವಾರ್ ತಿಂದ. ಡೆಸಾ ಅದನ್ನು ಮನೆಯೊಳಗೆ ಬಿಡಲಿಲ್ಲ, ಹಿತ್ತಿಲಲ್ಲಿ ಕೂತು ತಿನ್ನುತ್ತಿದ್ದ. ರಾಸ್ತ್ಕೊ ಕೊಟ್ಟ ಭರಣಿ ಕಿಟಕಿಯಲ್ಲಿತ್ತು. ದಿನಾ ಒಂದು ಸಲ ಅದನ್ನು ನೋಡಿ, ಆಮೇಲೆ ಇದನ್ನು ನುಂಗುತ್ತಿದ್ದ.

ಹೋದ ವಾರಕ್ಕೆ ವರ್ಷ ತುಂಬಿತು. ಭರಣಿಯನ್ನು ಕಫಾನಾಕ್ಕೆ ತಂದು ಎಲ್ಲರ ಮುಂದೆ ಮುಚ್ಚಳ ತೆಗೆದ. ಮಿಲುಟಿನ್ ಬ್ರೆಡ್ಡು ತಂದ, ನಾನು ಚೀಸ್ ತಂದೆ, ಅಧ್ಯಕ್ಷ ರಾಕಿಯಾ ಕೊಡಿಸಿದ. ಟ್ರಾಯ್ಕೊ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ತೆಗೆದ ಮೇಲೆ ಹೇಳಿದ:

"ನಾನು ಬೆಲ್ಜಿಯಮ್‌ಗೆ ಹೋಗ್ತೀನಿ. ಈ ವರ್ಷದ ಐವಾರ್ ಅವನಿಗೆ ನಾನೇ ಕೊಟ್ಟು ಬರ್ತೀನಿ."

ಯಾರೂ ನಗಲಿಲ್ಲ. ಯಾರೂ ತಡೆಯಲೂ ಇಲ್ಲ. ಮೂರೇ ದಿನದಲ್ಲಿ ಪ್ರತಿ ಮನೆಯಿಂದ ಒಂದೊಂದು ಭರಣಿ ಬಂತು, ಒಂದೊಂದರಲ್ಲೂ ಒಂದೊಂದು ಚೀಟಿ. ವ್ಯಾನ್ ತುಂಬಿತು. ಪೆರ್ಸಿಡಾ ಮುಂದಿನ ಸೀಟಿನಲ್ಲಿ, ಡೆಸಾ ಅವಳ ಪಕ್ಕದಲ್ಲಿ. ಗುರುವಾರ ಬೆಳಿಗ್ಗೆ ಹೊರಟರು. ಹೆದ್ದಾರಿಯವರೆಗೆ ನಾವೆಲ್ಲ ಹೋಗಿ, ಉತ್ತರಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿಕೊಂಡು ಬಂದೆವು.

ನಿನ್ನೆ ಟ್ರಾಯ್ಕೊ ಫೋನ್ ಮಾಡಿದ್ದ. ಎದುರಿಗೆ ಸಮುದ್ರ ಕಾಣಿಸುತ್ತಿದೆಯಂತೆ. ಬೆಲ್ಜಿಯಮ್‌ನಲ್ಲೂ ಸಮುದ್ರವಿದೆ ಎಂದು ಮಿಲುಟಿನ್ ಹೇಳುತ್ತಾನೆ. ನಾವು ನಂಬಿದ್ದೇವೆ.